ಧೂಮಪಾನ ಬಿಡುವವರ ಬಹುಮಾನದ ಲೆಕ್ಕ: ಮೊದಲ ವಾರದಿಂದ ವರ್ಷ ತುಂಬುವವರೆಗೆ

ಸಿಗರೇಟಿನ ಹೊಗೆಯನ್ನು ಒಳಗೆಳೆದ ಹತ್ತಿಪ್ಪತ್ತು ಸೆಕೆಂಡುಗಳಲ್ಲಿ ನಿಕೋಟಿನ್ ಮಿದುಳನ್ನು ಮುಟ್ಟುತ್ತದೆ. ಸೇದುವುದನ್ನು ಬಿಟ್ಟರೆ ಸಿಗುವ ಲಾಭಗಳೆಂದು ವೈದ್ಯರು ಹೇಳುವ ಸಂಗತಿಗಳು ಇಷ್ಟು ಬೇಗ ಕೈಗೆ ಬರುವಂಥವಲ್ಲ: ಹೃದಯದ ರಕ್ತನಾಳಗಳ ಕಾಯಿಲೆಯ ಅಪಾಯ ಸುಮಾರು ಅರ್ಧಕ್ಕೆ ಇಳಿಯಲು ಒಂದು ವರ್ಷ ಬೇಕು, ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಅರ್ಧವಾಗಲು ಹತ್ತು ವರ್ಷ ಬೇಕು. ಸಂಜೆ ಐದು ಗಂಟೆಗೆ ಟೀ ಅಂಗಡಿಯ ಮುಂದೆ ನಿಂತವನ ಮನಸ್ಸಿನ ತಕ್ಕಡಿಯಲ್ಲಿ ಹತ್ತು ಸೆಕೆಂಡಿನ ಸುಖ ಮತ್ತು ಹತ್ತು ವರ್ಷದ ಆರೋಗ್ಯ ಇವೆರಡನ್ನೂ ಇಟ್ಟರೆ ಯಾವುದು ತೂಗುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಿಡಬೇಕೆಂದು ನಿಶ್ಚಯಿಸಿದವರಲ್ಲಿ ಹೆಚ್ಚಿನವರಿಗೆ ಹೆದರಿಕೆಯ ಕೊರತೆ ಇರುವುದಿಲ್ಲ, ಪ್ಯಾಕಿನ ಮೇಲಿನ ಚಿತ್ರವನ್ನು ಅವರು ದಿನವೂ ನೋಡಿಯೇ ಇರುತ್ತಾರೆ. ಅವರಿಗೆ ಕೊರತೆಯಾಗುವುದು ಅಂದಿನ ಕಷ್ಟಕ್ಕೆ ಅಂದೇ ಸಿಗುವ ಪ್ರತಿಫಲ. ಅದನ್ನು ಹೇಗೆ ಏರ್ಪಡಿಸಿಕೊಳ್ಳಬೇಕು, ಯಾರ ಕೈಯಲ್ಲಿಡಬೇಕು, ಮಧ್ಯೆ ಜಾರಿದರೆ ಲೆಕ್ಕವನ್ನು ಹೇಗೆ ಸರಿಪಡಿಸಬೇಕು ಎಂಬುದನ್ನು ಇಲ್ಲಿ ಹಂತ ಹಂತವಾಗಿ ವಿವರಿಸಿದ್ದೇನೆ.

ಬಹುಮಾನದಿಂದ ಚಟ ಬಿಡಿಸುವುದು ಮಕ್ಕಳಾಟವೆಂದು ತೋರಬಹುದು. ಆದರೆ ಇದನ್ನು ಗಂಭೀರವಾಗಿ ಪರೀಕ್ಷಿಸಿ ನೋಡಿದ್ದಾರೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ 878 ನೌಕರರ ಮೇಲೆ ನಡೆದ, 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅರ್ಧದಷ್ಟು ಜನರಿಗೆ ಮಾಹಿತಿಯನ್ನಷ್ಟೇ ಕೊಟ್ಟು, ಉಳಿದವರಿಗೆ ಮಾಹಿತಿಯ ಜೊತೆಗೆ ಮೂರು ಕಂತುಗಳಲ್ಲಿ ಒಟ್ಟು 750 ಡಾಲರ್ ಕೊಡುವುದಾಗಿ ಹೇಳಲಾಯಿತು. ವರ್ಷದ ಆಸುಪಾಸಿಗೆ ಮಾಹಿತಿ ಮಾತ್ರ ಪಡೆದವರಲ್ಲಿ ಶೇ. 5.0ರಷ್ಟು ಜನ ಬಿಟ್ಟಿದ್ದರೆ, ಹಣದ ಗುಂಪಿನಲ್ಲಿ ಶೇ. 14.7ರಷ್ಟು ಜನ ಬಿಟ್ಟಿದ್ದರು. ಮೂರು ಪಟ್ಟು ಹತ್ತಿರದ ವ್ಯತ್ಯಾಸವೇನೋ ಹೌದು. ಆದರೆ ಹಣದ ಆಸೆಯಿದ್ದೂ ನೂರರಲ್ಲಿ ಎಂಬತ್ತೈದು ಮಂದಿಗೆ ಬಿಡಲಾಗಲಿಲ್ಲ ಎಂಬುದೂ ಅದೇ ಅಂಕಿಯಲ್ಲಿ ಅಡಗಿದೆ. ಹೀಗಾಗಿ ಬಹುಮಾನವನ್ನು ಔಷಧ ಮತ್ತು ಆಪ್ತಸಮಾಲೋಚನೆಗಳ ಜೊತೆಗಾರನೆಂದು ತಿಳಿಯಬೇಕು, ಅವುಗಳ ಬದಲಿಯೆಂದು ತಿಳಿಯಬಾರದು.

ನಮ್ಮಲ್ಲಿಯೇ ಇದಕ್ಕೆ ಹತ್ತಿರದ ಒಂದು ಅನುಭವವಿದೆ. ದಿನಕ್ಕೊಂದು ಪ್ಯಾಕ್ ಸೇದುವವರು ಅಯ್ಯಪ್ಪ ಮಾಲೆ ಧರಿಸಿದ ದಿನದಿಂದ ನಲವತ್ತೊಂದು ದಿನ ಸಿಗರೇಟನ್ನು ಮುಟ್ಟದೆ ಇದ್ದುಬಿಡುವುದನ್ನು ನಾವೆಲ್ಲರೂ ನೋಡಿದ್ದೇವೆ. ಕೊರಳಲ್ಲಿ ಮಾಲೆ, ಮೈಮೇಲೆ ಕಪ್ಪು ಬಟ್ಟೆ, ಬರಿಗಾಲು, ಎದುರಾದವರೆಲ್ಲ ‘ಸ್ವಾಮಿ’ ಎಂದು ಕರೆಯುವ ಗೌರವ, ಸಂಜೆಯ ಭಜನೆಯಲ್ಲಿ ತನ್ನಂತೆಯೇ ವ್ರತ ಹಿಡಿದ ಹತ್ತು ಜನ: ಇಷ್ಟೂ ಸೇರಿ ದಿನಕ್ಕೆ ಹಲವು ಬಾರಿ ಪ್ರೋತ್ಸಾಹವನ್ನು ಕೊಡುತ್ತವೆ. ಮಾಲೆ ತೆಗೆದ ದಿನ ಅವೆಲ್ಲವೂ ಒಟ್ಟಿಗೇ ಇಲ್ಲವಾಗುತ್ತವೆ, ಅದೇ ಸಂಜೆ ಬೀಡಾ ಅಂಗಡಿಯ ಮುಂದೆ ಹಳೆಯ ಗೆಳೆಯರು ಕಾದಿರುತ್ತಾರೆ. ದೇಹವು ನಿಕೋಟಿನ್ ಇಲ್ಲದೆ ಬದುಕಲು ಕಲಿತಿದ್ದರೂ ನಲವತ್ತೆರಡನೆಯ ದಿನಕ್ಕೆ ಯಾವ ಏರ್ಪಾಡೂ ಇಲ್ಲದಿರುವುದೇ ಸೋಲಿಗೆ ಕಾರಣ. ಮುಂದಿನ ಹಂತಗಳನ್ನು ಈ ಕೊರತೆಯನ್ನು ನೆನಪಿನಲ್ಲಿಟ್ಟುಕೊಂಡೇ ಜೋಡಿಸಿದ್ದೇನೆ.

ಮೊದಲ ವಾರ: ಬಿಡುವುದಲ್ಲ, ಬರೆಯುವುದು

ಸಿಗರೇಟು ಪ್ಯಾಕಿಗೆ ಒಂದು ಚೀಟಿಯನ್ನು ಸುತ್ತಿ ರಬ್ಬರ್ ಬ್ಯಾಂಡ್ ಹಾಕಿಡಿ. ಪ್ರತಿ ಬಾರಿ ಹಚ್ಚುವ ಮುನ್ನ ಸಮಯ, ಜಾಗ, ಜೊತೆಗಿದ್ದವರು, ಆ ಕ್ಷಣ ಅದು ಎಷ್ಟು ಬೇಕೆನಿಸಿತು ಎಂಬುದಕ್ಕೆ ಒಂದರಿಂದ ಐದರೊಳಗಿನ ಒಂದು ಅಂಕಿ, ಇಷ್ಟನ್ನು ಬರೆಯಿರಿ. ಪ್ಯಾಕ್ ಕೊಳ್ಳದೆ ಅಂಗಡಿಯಲ್ಲಿ ಒಂದೊಂದೇ ಬಿಡಿ ಸಿಗರೇಟು ಕೊಳ್ಳುವವರು ಚೀಟಿಯನ್ನು ಜೇಬಿನಲ್ಲಿಟ್ಟುಕೊಳ್ಳಬಹುದು. ಏಳು ದಿನಗಳ ಚೀಟಿಗಳನ್ನು ಒಟ್ಟಿಗೆ ಹರಡಿ ನೋಡಿದರೆ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಅರ್ಧದಷ್ಟು ಸಿಗರೇಟುಗಳು ಒಂದು ಅಥವಾ ಎರಡು ಅಂಕಿಯವು, ಅಂದರೆ ಕೈಗೆ ಸಿಕ್ಕಿತೆಂದು ಸೇದಿದವು. ನಾಲ್ಕು ಐದು ಅಂಕಿಯವು ಮಾತ್ರ ನಿಜವಾದ ಎದುರಾಳಿಗಳು, ಅವು ಸಾಮಾನ್ಯವಾಗಿ ಬೆಳಗಿನ ಶೌಚಕ್ಕೆ ಮುಂಚೆ, ಊಟದ ನಂತರ, ಫಿಲ್ಟರ್ ಕಾಫಿಯ ಜೊತೆಗೆ, ಮತ್ತು ಯಾರದ್ದಾದರೂ ಬೈಗುಳ ತಿಂದು ಹೊರಬಂದ ಮೇಲೆ ಹಚ್ಚಿದವಾಗಿರುತ್ತವೆ.

ಬೆಳಿಗ್ಗೆ ಎದ್ದು ಎಷ್ಟು ಹೊತ್ತಿಗೆ ಮೊದಲನೆಯದನ್ನು ಸೇದುತ್ತೀರಿ ಎಂಬುದನ್ನು ಬೇರೆಯಾಗಿ ಗುರುತು ಹಾಕಿಕೊಳ್ಳಿ. ಅರ್ಧ ಗಂಟೆಯೊಳಗೆ ಎಂದಾದರೆ ನಿಮ್ಮ ನಿಕೋಟಿನ್ ಅವಲಂಬನೆ ಬಲವಾಗಿದೆ ಎಂದರ್ಥ. ಔಷಧದ ಪ್ರಮಾಣವನ್ನು ನಿರ್ಧರಿಸುವಾಗ ವೈದ್ಯರು ಇದನ್ನೇ ಮೊದಲು ಕೇಳುತ್ತಾರೆ.

ಇದೇ ವಾರ ಹಣದ ಲೆಕ್ಕವೂ ಆಗಲಿ. ದಿನಕ್ಕೆ ಹತ್ತು ಸಿಗರೇಟು, ಒಂದಕ್ಕೆ ಹದಿನೆಂಟು ರೂಪಾಯಿ ಎಂದಿಟ್ಟುಕೊಂಡರೆ ದಿನಕ್ಕೆ 180, ತಿಂಗಳಿಗೆ 5,400, ವರ್ಷಕ್ಕೆ 65,700 ರೂಪಾಯಿ. ಜೊತೆಗೆ ಕುಡಿದ ಟೀ, ಗೆಳೆಯರಿಗೆ ಕೊಡಿಸಿದ್ದು ಬೇರೆ. ಬಹುಮಾನದ ಹಣ ಬರಬೇಕಾದದ್ದು ಇಲ್ಲಿಂದಲೇ. ಬೀಡಿ ಸೇದುವವರಿಗೆ ಈ ಮೊತ್ತ ಬಹಳ ಸಣ್ಣದಾಗಿ ಕಾಣುತ್ತದೆ, ಬೀಡಿಯಿಂದ ಹಾನಿ ಕಡಿಮೆ ಎಂಬ ತಪ್ಪು ನಂಬಿಕೆಯೂ ಅದರ ಜೊತೆಗಿರುತ್ತದೆ. ಅಂಥವರು ಹಣಕ್ಕಿಂತ ವಿರಾಮ, ವಿನಾಯಿತಿ, ತಿಂಡಿ ಇಂಥವುಗಳ ಮೇಲೆಯೇ ಬಹುಮಾನವನ್ನು ಕಟ್ಟಬೇಕಾಗುತ್ತದೆ.

ದಿನ ಗೊತ್ತುಮಾಡಿ, ವೈದ್ಯರನ್ನು ಕಾಣಿ

ಬಿಡುವ ದಿನವನ್ನು ಎರಡು ವಾರಗಳ ಒಳಗೇ ಗೊತ್ತುಮಾಡಬೇಕು. ಯುಗಾದಿಗೆ ಬಿಡುತ್ತೇನೆ, ಹುಟ್ಟುಹಬ್ಬಕ್ಕೆ ಬಿಡುತ್ತೇನೆ ಎಂದು ಮೂರು ತಿಂಗಳು ಮುಂದಕ್ಕೆ ಹಾಕಿದ ದಿನ ಬಂದಾಗ ಮತ್ತೊಂದು ಹಬ್ಬ ಕಾಣಿಸುತ್ತದೆ. ಮನೆಯಲ್ಲಿ ಮದುವೆಯಿರುವ ವಾರ, ಲೆಕ್ಕಪತ್ರ ಮುಗಿಸಬೇಕಾದ ಮಾರ್ಚ್ ಕೊನೆ, ಇಂಥ ದಿನಗಳನ್ನು ತಪ್ಪಿಸಿದರೆ ಸಾಕು. (ರಾಹುಕಾಲ ನೋಡುವವರು ನೋಡಿಕೊಳ್ಳಲಿ, ಅದರಿಂದ ನಷ್ಟವಿಲ್ಲ.)

ಔಷಧದ ವಿಷಯವನ್ನು ದಿನ ಗೊತ್ತಾದ ಕೂಡಲೇ ವಿಚಾರಿಸಬೇಕು, ಏಕೆಂದರೆ ಸೇದುವ ಹಂಬಲವನ್ನು ತಗ್ಗಿಸುವ ಮಾತ್ರೆಗಳಾದ ವರೆನಿಕ್ಲಿನನ್ನು ಸಾಮಾನ್ಯವಾಗಿ ಬಿಡುವ ದಿನಕ್ಕಿಂತ ಒಂದು ವಾರ ಮೊದಲೇ, ಬ್ಯುಪ್ರೋಪಿಯಾನನ್ನು ಒಂದೆರಡು ವಾರ ಮೊದಲೇ ಆರಂಭಿಸಲಾಗುತ್ತದೆ. ಇವೆರಡನ್ನೂ ವೈದ್ಯರ ಚೀಟಿಯಿಲ್ಲದೆ ತೆಗೆದುಕೊಳ್ಳಬಾರದು. ಫಿಟ್ಸ್ ಬಂದ ಇತಿಹಾಸವಿರುವವರಿಗೆ ಬ್ಯುಪ್ರೋಪಿಯಾನ್ ಸಲ್ಲದು. ಹೊಗೆಯಿಲ್ಲದೆ ಸ್ವಲ್ಪ ನಿಕೋಟಿನ್ ಕೊಡುವ ನಿಕೋಟಿನ್ ಗಮ್ ಬಳಸುವವರಲ್ಲಿ ಬಹುತೇಕರು ಅದನ್ನು ಬಬಲ್ ಗಮ್ಮಿನಂತೆ ಒಂದೇ ಸಮನೆ ಜಗಿದು, ಹೊಟ್ಟೆ ತೊಳಸಿ, ‘ಇದು ನನಗೆ ಆಗುವುದಿಲ್ಲ’ ಎಂದು ಬಿಟ್ಟುಬಿಡುತ್ತಾರೆ. ಸರಿಯಾದ ಕ್ರಮವೆಂದರೆ ನಿಧಾನವಾಗಿ ಜಗಿದು, ನಾಲಿಗೆಗೆ ಮೆಣಸಿನಂಥ ಚುರುಕು ಹತ್ತಿದ ಕೂಡಲೇ ನಿಲ್ಲಿಸಿ, ಕೆನ್ನೆ ಮತ್ತು ಒಸಡಿನ ನಡುವೆ ಇಟ್ಟುಕೊಂಡು, ಚುರುಕು ಇಳಿದ ಮೇಲೆ ಮತ್ತೆ ಜಗಿಯುವುದು. ಹೀಗೆ ಸುಮಾರು ಅರ್ಧ ಗಂಟೆ ನಡೆಯಬೇಕು. ಗಮ್ ಹಾಕಿಕೊಳ್ಳುವ ಹದಿನೈದು ನಿಮಿಷ ಮುಂಚಿನಿಂದ ಕಾಫಿ, ಹಣ್ಣಿನ ರಸ, ಸೋಡಾ ಬೇಡ, ಇವು ಬಾಯಿಯಲ್ಲಿ ನಿಕೋಟಿನ್ ಹೀರಿಕೆಯನ್ನು ತಗ್ಗಿಸುತ್ತವೆ. ಎದ್ದ ಅರ್ಧ ಗಂಟೆಯೊಳಗೆ ಸೇದುವವರಿಗೆ 4 ಮಿಲಿಗ್ರಾಂ, ಉಳಿದವರಿಗೆ 2 ಮಿಲಿಗ್ರಾಂ ಎಂಬುದು ಸಾಮಾನ್ಯ ಅಳತೆ. ಗರ್ಭಿಣಿಯರು, ಹೃದ್ರೋಗಿಗಳು, ಮಾನಸಿಕ ಕಾಯಿಲೆಗೆ ಔಷಧ ಪಡೆಯುತ್ತಿರುವವರು ಎಲ್ಲವನ್ನೂ ವೈದ್ಯರಿಗೆ ಹೇಳಿಯೇ ಮುಂದುವರಿಯಬೇಕು. ಧೂಮಪಾನ ನಿಂತಾಗ ಕೆಲವು ಔಷಧಗಳು ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುವುದರಿಂದ ಅವುಗಳ ಪ್ರಮಾಣವನ್ನು ಬದಲಿಸಬೇಕಾಗಬಹುದು.

ಖರ್ಚಿಲ್ಲದ ನೆರವೊಂದು ಪ್ಯಾಕಿನ ಮೇಲೆಯೇ ಅಚ್ಚಾಗಿದೆ. 1800-11-2356 ರಾಷ್ಟ್ರೀಯ ತಂಬಾಕು ಸಹಾಯವಾಣಿಯ ಸಂಖ್ಯೆ. ಬೆಂಗಳೂರಿನ ನಿಮ್ಹಾನ್ಸ್ ಇದರ ಕೇಂದ್ರಗಳಲ್ಲೊಂದು, ಕನ್ನಡದಲ್ಲಿಯೇ ಮಾತನಾಡಬಹುದು. ಬಿಡುವ ದಿನವನ್ನು ಅವರಿಗೆ ತಿಳಿಸಿದರೆ ಅವರೇ ಮತ್ತೆ ಕರೆಮಾಡಿ ವಿಚಾರಿಸುತ್ತಾರೆ. ಆ ಕರೆಯೂ ಪ್ರೋತ್ಸಾಹವೇ.

ಬಹುಮಾನದ ಪಟ್ಟಿ ಕಟ್ಟುವುದು

‘ಒಂದು ವರ್ಷ ಬಿಟ್ಟರೆ ಬೈಕ್ ಕೊಳ್ಳುತ್ತೇನೆ’ ಎಂಬ ಸಂಕಲ್ಪ ಕೇಳಲು ಚೆನ್ನ, ಆದರೆ ಮೊದಲ ಮಂಗಳವಾರದ ಮಧ್ಯಾಹ್ನಕ್ಕೆ ಅದರಿಂದ ಏನೂ ಉಪಯೋಗವಿಲ್ಲ. ಚಟಬಿಡಿಸುವ ಚಿಕಿತ್ಸೆಯಲ್ಲಿ ಬಳಕೆಯಲ್ಲಿರುವ ಪದ್ಧತಿಯೆಂದರೆ ಬಹುಮಾನವನ್ನು ಸಣ್ಣ ಮೊತ್ತದಿಂದ ಆರಂಭಿಸಿ ದಿನದಿನಕ್ಕೆ ಏರಿಸುತ್ತ ಹೋಗುವುದು, ಸತತ ಮೂರು ದಿನ ತಪ್ಪದಿದ್ದರೆ ಮೇಲೊಂದು ಹೆಚ್ಚುವರಿ ಕೊಡುವುದು, ತಪ್ಪಿದರೆ ಮೊದಲ ಮೊತ್ತಕ್ಕೆ ಇಳಿಸುವುದು. ಮೊತ್ತ ಏರುತ್ತ ಹೋದಂತೆ ಕಳೆದುಕೊಳ್ಳುವುದರ ಬೆಲೆಯೂ ಏರುತ್ತದೆ, ಹದಿನೈದನೆಯ ದಿನ ಸಿಗರೇಟು ಹಚ್ಚಲು ಹೊರಟವನಿಗೆ ಅದು ಹದಿನೆಂಟು ರೂಪಾಯಿಯ ವಸ್ತುವಾಗಿ ಉಳಿದಿರುವುದಿಲ್ಲ.

ಮೇಲಿನ ಲೆಕ್ಕದ ವ್ಯಕ್ತಿಯನ್ನೇ ತೆಗೆದುಕೊಳ್ಳೋಣ. ಮೊದಲ ದಿನ 20 ರೂಪಾಯಿ, ಆಮೇಲೆ ದಿನಕ್ಕೆ ಐದರಂತೆ ಏರಿಕೆ, ಇಪ್ಪತ್ತೊಂದನೆಯ ದಿನಕ್ಕೆ 120 ರೂಪಾಯಿ. ಇಷ್ಟೂ ಸೇರಿದರೆ 1,470. ಮೂರು ದಿನಕ್ಕೊಮ್ಮೆ ನೂರು ರೂಪಾಯಿಯಂತೆ ಏಳು ಹೆಚ್ಚುವರಿಗಳಿಗೆ 700. ಒಟ್ಟು 2,170 ರೂಪಾಯಿ. ಆ ಮೂರು ವಾರಗಳಲ್ಲಿ ಸಿಗರೇಟಿಗೆ ಹೋಗುತ್ತಿದ್ದ ಹಣ 3,780. ಉಳಿಯುವ 1,610 ರೂಪಾಯಿಯನ್ನು ತಿಂಗಳು ತುಂಬಿದ ದಿನದ ದೊಡ್ಡ ಬಹುಮಾನಕ್ಕೆ ಎತ್ತಿಡಬಹುದು. ನಿಮ್ಮ ಅಂಕಿಗಳು ಬೇರೆಯಾದರೂ ಏರಿಕೆಯ ಕ್ರಮ ಇದೇ ಇರಲಿ.

ಈ ಹಣ ಯಾವುದೇ ಕಾರಣಕ್ಕೂ ನಿಮ್ಮ ಕೈಯಲ್ಲಿರಬಾರದು. ನನ್ನ ಮೊದಲ ಪ್ರಯತ್ನದಲ್ಲಿ ನಾನು ಮೇಜಿನ ಡ್ರಾಯರಿನಲ್ಲಿ ಡಬ್ಬಿಯಿಟ್ಟು ಹಣ ಹಾಕುತ್ತ ಬಂದೆ, ಒಂಬತ್ತನೆಯ ದಿನ ಅದೇ ಡಬ್ಬಿಯಿಂದ ಚಿಲ್ಲರೆ ತೆಗೆದು ಪ್ಯಾಕ್ ತಂದೆ. ತನಗೆ ತಾನೇ ಕೊಟ್ಟುಕೊಳ್ಳುವುದು ಬಹುಮಾನವೆನಿಸಿಕೊಳ್ಳುವುದಿಲ್ಲ. ವಾರಕ್ಕೊಮ್ಮೆ ಪೂರ್ತಿ ಮೊತ್ತವನ್ನು ಅಕ್ಕನಿಗೋ ಹೆಂಡತಿಗೋ ನಂಬಿಕಸ್ಥ ಗೆಳೆಯನಿಗೋ ಒಪ್ಪಿಸಿ, ಅವರು ಪ್ರತಿ ರಾತ್ರಿ ಒಂಬತ್ತು ಗಂಟೆಗೆ ‘ಇವತ್ತು?’ ಎಂದು ಕೇಳಿ, ಸೇದಿಲ್ಲವೆಂದರೆ ಅಂದಿನ ಮೊತ್ತವನ್ನು ಫೋನ್‌ಪೇಯಲ್ಲಿಯೇ ಕಳುಹಿಸಲಿ. ಮೊಬೈಲು ‘ಟಣ್’ ಎನ್ನುವ ಸದ್ದಿಗೆ ಕೆಲವೇ ದಿನಗಳಲ್ಲಿ ಕಿವಿ ಕಾಯತೊಡಗುತ್ತದೆ. ಬಂದ ಹಣವನ್ನು ಸುಮ್ಮನೆ ಖಾತೆಯಲ್ಲಿ ಬಿಡದೆ ಎರಡು ಮೂರು ದಿನಕ್ಕೊಮ್ಮೆ ನಿಮಗಾಗಿಯೇ ಖರ್ಚು ಮಾಡಿ: ಇಷ್ಟದ ಹೋಟೆಲಿನ ಬೆಣ್ಣೆದೋಸೆ, ಸಿನಿಮಾ ಟಿಕೆಟ್, ಬಹಳ ದಿನದಿಂದ ಮುಂದೂಡಿದ್ದ ಚಪ್ಪಲಿ. ಕರೆಂಟ್ ಬಿಲ್ ಕಟ್ಟಿದರೆ ಅದು ಬಹುಮಾನವಾಗದು. ಹಣವಿಲ್ಲದ ಬಹುಮಾನಗಳೂ ಇವೆ, ಅವುಗಳಲ್ಲಿ ಕೆಲವು ಹಣಕ್ಕಿಂತ ಹೆಚ್ಚು ಬಲವಾದವು; ಭಾನುವಾರ ಬೆಳಿಗ್ಗೆ ಎಂಟೂವರೆಯವರೆಗೆ ಯಾರೂ ಎಬ್ಬಿಸದ ನಿದ್ದೆ, ಒಂದು ವಾರ ಮಗುವನ್ನು ಸ್ಕೂಲಿಗೆ ಬಿಡುವ ಕೆಲಸದಿಂದ ರಜೆ, ಎಣ್ಣೆಸ್ನಾನ. ಬಿಯರ್ ಮಾತ್ರ ಬಹುಮಾನದ ಪಟ್ಟಿಗೆ ಸೇರಕೂಡದು, ಗ್ಲಾಸಿನ ಹಿಂದೆಯೇ ಸಿಗರೇಟು ಬರುತ್ತದೆ.

ಸ್ವಂತ ಹಣವನ್ನು ಪಣಕ್ಕಿಟ್ಟು, ಸೋತರೆ ಕಳೆದುಕೊಳ್ಳುವ ಒಪ್ಪಂದವೂ ಒಂದುಂಟು. ಫಿಲಿಪ್ಪೀನ್ಸ್‌ನ ಮಿಂಡನಾವೋ ದ್ವೀಪದ ಬ್ಯಾಂಕೊಂದು ಆರು ತಿಂಗಳ ಇಂಥ ಖಾತೆಯನ್ನು ತೆರೆದು ನೋಡಿತ್ತು. ಕೊನೆಗೆ ಮೂತ್ರಪರೀಕ್ಷೆಯಲ್ಲಿ ನಿಕೋಟಿನ್ ಕಂಡರೆ ಹಣ ದಾನಕ್ಕೆ ಹೋಗುತ್ತಿತ್ತು. ಖಾತೆ ತೆರೆಯಲು ಒಪ್ಪಿದವರು ನೂರಕ್ಕೆ ಹನ್ನೊಂದು ಮಂದಿ ಮಾತ್ರ. ಅಮೆರಿಕದಲ್ಲಿ 2015ರಲ್ಲಿ ಪ್ರಕಟವಾದ ಮತ್ತೊಂದು ದೊಡ್ಡ ಅಧ್ಯಯನದಲ್ಲಿಯೂ ಬಹುಮಾನದ ಯೋಜನೆಗೆ ಶೇ. 90ರಷ್ಟು ಜನ ಒಪ್ಪಿದರೆ, ತಮ್ಮ ಹಣ ಮುಂಗಡವಾಗಿ ಇಡಬೇಕಾದ ಯೋಜನೆಗೆ ಶೇ. 13.7ರಷ್ಟು ಜನ ಒಪ್ಪಿದರು. ಕಳೆದುಕೊಳ್ಳುವ ಭಯ ಬಲವಾದ ಔಷಧವೇ ಸರಿ, ಆದರೆ ಅದನ್ನು ನುಂಗುವವರು ಕಡಿಮೆ. ನಿಮಗೆ ಹಟದ ಸ್ವಭಾವವಿದ್ದರೆ ಒಂದೆರಡು ಸಾವಿರವನ್ನು ಹೀಗೆ ಪಣಕ್ಕಿಡಬಹುದು, ಇಲ್ಲದಿದ್ದರೆ ಏರುವ ಬಹುಮಾನವೇ ಸಾಕು.

ಹೇಳಿದ್ದು ನಿಜವೇ ಎಂದು ಪರೀಕ್ಷಿಸುವ ವಿಷಯ ಸ್ವಲ್ಪ ಮುಜುಗರದ್ದು. ಚಿಕಿತ್ಸಾಲಯಗಳಲ್ಲಿ, ಸಿಗರೇಟಿನ ಹೊಗೆಯಿಂದ ಉಸಿರಿಗೆ ಸೇರುವ ಕಾರ್ಬನ್ ಮಾನಾಕ್ಸೈಡ್ ಅನಿಲವನ್ನು ಅಳೆಯುವ ಸಣ್ಣ ಯಂತ್ರವಿರುತ್ತದೆ, ಗಮ್ ಬಳಸುವವರಿಗೂ ಅದು ಸರಿಯಾದ ಫಲಿತಾಂಶವನ್ನೇ ಕೊಡುತ್ತದೆ. ಮನೆಯಲ್ಲಿ ಮಾತಿನ ಮೇಲೆ ನಂಬಿಕೆಯಿಟ್ಟೇ ನಡೆಯಬೇಕು. ಮಗುವನ್ನು ಕಳುಹಿಸಿ ಅಪ್ಪನ ಅಂಗಿಯನ್ನು ಮೂಸಿಸುವ ಪತ್ತೇದಾರಿ ಬೇಡವೇ ಬೇಡ.

ಬೆನ್ನು ತಟ್ಟುವವರಿಗೆ

ನಮ್ಮ ಕಡೆ ಬಹಳ ಜನ ಹಿರಿಯರಿಗೆ ಗೊತ್ತಾಗದಂತೆ ಸೇದುತ್ತಾರೆ, ಏಲಕ್ಕಿಯನ್ನೋ ಸೋಂಪನ್ನೋ ಅಗಿದು ಮನೆಯೊಳಗೆ ಕಾಲಿಡುತ್ತಾರೆ. ಅಂಥವರಿಗೆ ‘ಎಲ್ಲರಿಗೂ ಹೇಳಿಬಿಡಿ’ ಎಂಬ ಸಲಹೆ ನಡೆಯುವಂಥದ್ದಲ್ಲ, ಸೇದುವುದೇ ಗೊತ್ತಿಲ್ಲದ ಅಮ್ಮನಿಗೆ ಬಿಟ್ಟೆ ಎಂದು ಹೇಗೆ ಹೇಳುವುದು? ಹೆಂಗಸರಿಗಂತೂ ಈ ಗುಟ್ಟು ಇನ್ನೂ ಭಾರ. ಒಬ್ಬರೇ ಒಬ್ಬರು ಸಾಕು, ಆದರೆ ಅವರು ಜೊತೆಯಲ್ಲಿ ಸೇದುವವರಾಗಿರಬಾರದು ಮತ್ತು ರಾತ್ರಿ ಹನ್ನೊಂದಕ್ಕೂ ಫೋನ್ ಎತ್ತುವವರಾಗಿರಬೇಕು. ಇಂಥವರು ಸಿಗದಿದ್ದರೆ ಸಹಾಯವಾಣಿಯ ಸಮಾಲೋಚಕರೇ ಆ ಸ್ಥಾನ ತುಂಬಲಿ.

ಬೆನ್ನು ತಟ್ಟುವವರು ಮಾತನ್ನು ತೂಗಿ ಆಡಬೇಕು. ‘ಏನ್ರೀ, ಇದೂ ಹೋದ ಸಲದ ಹಾಗೇನಾ?’ ಎಂಬ ಒಂದು ಪ್ರಶ್ನೆ ಮೂರು ದಿನದ ಶ್ರಮವನ್ನು ಅಳಿಸಬಲ್ಲದು. ‘ಭೇಷ್’ ಎಂಬ ಬರಿಯ ಹೊಗಳಿಕೆಯೂ ಬೇಗ ಹಳಸುತ್ತದೆ. ‘ನಿನ್ನೆ ಅಷ್ಟು ಜಗಳವಾದ ಮೇಲೂ ಕೆಳಗಿಳಿದು ಹೋಗಲಿಲ್ಲ, ನೋಡಿದೆ’ ಎಂದು ನಡೆದ ಸಂಗತಿಯನ್ನೇ ಎತ್ತಿ ಹೇಳಿದರೆ ಅದು ಮನಸ್ಸಿನಲ್ಲಿ ನಿಲ್ಲುತ್ತದೆ. ಮೊದಲ ಎರಡು ವಾರ ಸಿಡುಕು, ನಿದ್ದೆಗೇಡು, ಗಮನ ನಿಲ್ಲದಿರುವುದು ಇವೆಲ್ಲ ನಿಕೋಟಿನ್ ಬಿಟ್ಟ ದೇಹದ ಲಕ್ಷಣಗಳೆಂದು ಮನೆಯವರಿಗೆ ಮೊದಲೇ ತಿಳಿದಿದ್ದರೆ, ಉಪ್ಪು ಕಡಿಮೆಯಾದ ಸಾರಿನ ಮೇಲಿನ ಸಿಟ್ಟನ್ನು ಅವರು ತಮ್ಮ ಮೇಲಿನ ಸಿಟ್ಟೆಂದು ತಿಳಿಯುವುದಿಲ್ಲ.

ಬಿಟ್ಟ ದಿನ ಮತ್ತು ಆಮೇಲಿನ ಮೂರು ವಾರ

ಹಿಂದಿನ ರಾತ್ರಿಯೇ ಲೈಟರ್, ಬೂದಿಬಟ್ಟಲು, ಬೈಕಿನ ಪೆಟ್ಟಿಗೆಯಲ್ಲಿ ಅಡಗಿಸಿಟ್ಟ ಒಂದು ಸಿಗರೇಟು, ಎಲ್ಲವೂ ಮನೆಯಿಂದ ಹೊರಹೋಗಲಿ. ಲಕ್ಷಣಗಳು ಎರಡನೆಯ ಮತ್ತು ಮೂರನೆಯ ದಿನ ಅತಿ ಹೆಚ್ಚಾಗಿದ್ದು, ಎರಡರಿಂದ ನಾಲ್ಕು ವಾರಗಳಲ್ಲಿ ಇಳಿಯುತ್ತವೆ. ಒಂದೊಂದು ತುಡಿತವೂ ಸಾಮಾನ್ಯವಾಗಿ ಮೂರರಿಂದ ಐದು ನಿಮಿಷದ್ದು. ಅಷ್ಟು ಹೊತ್ತು ಕೈ ಬಾಯಿಗಳಿಗೆ ಕೆಲಸ ಕೊಟ್ಟರೆ ಅದು ಇಳಿದುಹೋಗುತ್ತದೆ: ಒಂದು ಲೋಟ ನೀರು, ನಾಲ್ಕು ಕಡ್ಲೆಕಾಯಿ, ಸೌತೆಕಾಯಿ ಹೋಳು, ಎರಡು ಮಹಡಿ ಹತ್ತಿಳಿಯುವುದು. ಅಡಿಕೆ ಮಾತ್ರ ಬೇಡ. ತಂಬಾಕಿಲ್ಲದ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ವರ್ಗೀಕರಿಸಿದೆ, ಸಿಗರೇಟು ಬಿಟ್ಟು ಗುಟ್ಕಾ ಹಿಡಿದವರನ್ನು ನಾವು ಊರೂರಲ್ಲಿ ಕಾಣುತ್ತೇವೆ. ಇ-ಸಿಗರೇಟಿನ ಮಾರಾಟ ಭಾರತದಲ್ಲಿ 2019ರಿಂದಲೇ ನಿಷೇಧವಾಗಿದೆ, ಆ ದಾರಿಯನ್ನೂ ಯೋಚಿಸಬೇಕಾಗಿಲ್ಲ.

ಕಾಫಿಯ ವಿಷಯ ಹೆಚ್ಚಿನವರಿಗೆ ತಿಳಿದಿಲ್ಲ. ತಂಬಾಕಿನ ಹೊಗೆ ಯಕೃತ್ತಿನಲ್ಲಿ ಕೆಫೀನನ್ನು ಬೇಗ ಕರಗಿಸುವ ಕಿಣ್ವವನ್ನು ಚುರುಕುಗೊಳಿಸುತ್ತದೆ. ಹೊಗೆ ನಿಂತೊಡನೆ ಅದೇ ನಾಲ್ಕು ಲೋಟ ಕಾಫಿಯ ಕೆಫೀನ್ ದೇಹದಲ್ಲಿ ಹೆಚ್ಚು ಹೊತ್ತು ಉಳಿದು, ಎದೆಬಡಿತ, ನಡುಕ, ನಿದ್ದೆಗೇಡು ತರುತ್ತದೆ. ಅದನ್ನು ಸಿಗರೇಟಿನ ಹಂಬಲವೆಂದು ತಪ್ಪು ತಿಳಿಯುತ್ತೇವೆ. ಮೊದಲ ವಾರದಿಂದಲೇ ಕಾಫಿಯನ್ನು ಅರ್ಧಕ್ಕೆ ಇಳಿಸಿ. ನಮ್ಮ ಹೋಟೆಲುಗಳ ಬೈ-ಟು ಪದ್ಧತಿ ಇದಕ್ಕೆಂದೇ ಹುಟ್ಟಿದಂತಿದೆ. ಬೆಳಗಿನ ಶೌಚ ಸಲೀಸಾಗದಿದ್ದರೆ ಬಿಸಿನೀರು, ಬಾಳೆಹಣ್ಣು, ಸೊಪ್ಪು ನೆರವಾಗುತ್ತವೆ. ಕೆಲವು ದಿನ ಕೆಮ್ಮು ಹೆಚ್ಚಾದರೆ ಗಾಬರಿ ಬೇಡ, ರಕ್ತ ಕಂಡರೆ ತಡಮಾಡದೆ ವೈದ್ಯರ ಬಳಿ ಹೋಗಬೇಕು. ಮೊದಲ ವರ್ಷದಲ್ಲಿ ಸರಾಸರಿ ನಾಲ್ಕೈದು ಕಿಲೋ ತೂಕ ಏರುವುದುಂಟು, ಆದ್ದರಿಂದ ಬಹುಮಾನಗಳೆಲ್ಲ ಮೈಸೂರುಪಾಕು ಆಗದಂತೆ ನೋಡಿಕೊಳ್ಳಿ.

ಜಾರಿದರೆ

‘ಮಗಾ, ಒಂದು ಎಳೆದರೆ ಏನೂ ಆಗಲ್ಲ’ ಎಂದು ಗೆಳೆಯ ಚಾಚಿದ್ದನ್ನು ಹದಿಮೂರನೆಯ ದಿನ ಎಳೆದಿರಿ ಎಂದುಕೊಳ್ಳೋಣ. ಆ ರಾತ್ರಿ ಹಣ ಹಿಡಿದಿರುವವರಿಗೆ ಇದ್ದದ್ದನ್ನು ಇದ್ದಂತೆ ಹೇಳಿ. ಅಂದಿನ 80 ರೂಪಾಯಿ ಹೋಯಿತು. ಮರುದಿನದ ಬಹುಮಾನ ಮತ್ತೆ 20, ಅದರ ಮರುದಿನ 25, ಆಮೇಲೆ 30. ಸತತವಾಗಿ ಈ ಮೂರು ದಿನ ಸೇದದಿದ್ದರೆ ನಾಲ್ಕನೆಯ ದಿನ ನೇರವಾಗಿ ಹಳೆಯ 80ಕ್ಕೆ ಮರಳುತ್ತದೆ. ಈ ಕೊನೆಯ ನಿಯಮವನ್ನು ಬಿಡಬೇಡಿ. ಹದಿಮೂರು ದಿನ ಕಟ್ಟಿದ್ದು ಒಂದೇ ಎಳೆತಕ್ಕೆ ನೆಲಸಮವಾಗುವುದಾದರೆ ‘ಹೇಗೂ ಹೋಯಿತಲ್ಲ’ ಎಂದು ಪೂರ್ತಿ ಪ್ಯಾಕ್ ಮುಗಿಸುವುದೇ ಮನುಷ್ಯಸ್ವಭಾವ. ದೇವರ ಮೇಲೆ ಆಣೆಯಿಟ್ಟು ಬಿಟ್ಟವರಿಗೆ ಈ ಅಪಾಯ ಇನ್ನೂ ಹೆಚ್ಚು, ಆಣೆ ಒಮ್ಮೆ ಮುರಿದ ಮೇಲೆ ಅದನ್ನು ಅರ್ಧಕ್ಕೆ ಜೋಡಿಸುವ ವಿಧಾನವೇ ಇಲ್ಲ. ಹೇಳಿಕೊಂಡವರಿಗೆ ದಂಡವಿರಲಿ, ಬೈಗುಳ ಇರದಿರಲಿ. ಬೈದರೆ ಮುಂದಿನ ಬಾರಿ ಸುಳ್ಳು ಬರುತ್ತದೆ. ಚೀಟಿಯನ್ನು ಮತ್ತೆ ತೆಗೆದು ಈ ಜಾರಿದ ಸಿಗರೇಟಿನ ಸಮಯ, ಜಾಗ, ಜೊತೆಗಾರನನ್ನೂ ಬರೆಯಿರಿ. ಜಾರುವುದು ವಾರದಲ್ಲಿ ಎರಡು ಮೂರು ಬಾರಿ ಆಗುತ್ತಿದ್ದರೆ ಬಹುಮಾನವನ್ನು ಹೆಚ್ಚಿಸುವ ಬದಲು ಔಷಧದ ಪ್ರಮಾಣದ ಬಗ್ಗೆ ವೈದ್ಯರೊಡನೆ ಮಾತನಾಡಬೇಕು.

ನಲವತ್ತೆರಡನೆಯ ದಿನದಿಂದ

ಇಪ್ಪತ್ತೊಂದು ದಿನಗಳ ಏರಿಕೆ ಮುಗಿದ ಮೇಲೆ ಬಹುಮಾನವನ್ನು ಒಮ್ಮೆಲೇ ನಿಲ್ಲಿಸದೆ ಅಂತರವನ್ನು ಹಿಗ್ಗಿಸುತ್ತ ಹೋಗಬೇಕು. ಆರನೆಯ ವಾರದವರೆಗೆ ವಾರಕ್ಕೆರಡು, ಮೂರನೆಯ ತಿಂಗಳವರೆಗೆ ವಾರಕ್ಕೊಂದು, ಆಮೇಲೆ ತಿಂಗಳಿಗೊಂದು. ನಲವತ್ತೆರಡನೆಯ ದಿನಕ್ಕೆ ಬೇಕೆಂದೇ ದೊಡ್ಡದೊಂದನ್ನು ಇಡಿ, ಆ ದಿನ ಹಳೆಯ ಗೆಳೆಯರ ಟೀ ಅಂಗಡಿಯಿಂದ ದೂರವಿರುವಂಥ ಒಂದು ದಿನದ ಪ್ರವಾಸವಾದರೆ ಇನ್ನೂ ಒಳ್ಳೆಯದು. ನಿಕೋಟಿನ್ ಗಮ್ಮನ್ನು ಹನ್ನೆರಡು ವಾರಗಳ ಹೊತ್ತಿಗೆ ವೈದ್ಯರ ಸಲಹೆಯಂತೆ ಕಡಿಮೆ ಮಾಡುವಾಗ ಬಹುಮಾನವನ್ನೂ ಅದೇ ವಾರ ಇಳಿಸಬಾರದು, ಎರಡು ಊರುಗೋಲುಗಳನ್ನು ಒಟ್ಟಿಗೆ ಕಿತ್ತುಕೊಂಡಂತಾಗುತ್ತದೆ. ಬಹುಮಾನ ನಿಂತ ಮೇಲೂ ಅದರ ಪರಿಣಾಮ ಉಳಿಯುತ್ತದೆ ಎಂದು 2019ರಲ್ಲಿ ಕೊಕ್ರೇನ್ ಎಂಬ, ವೈದ್ಯಕೀಯ ಅಧ್ಯಯನಗಳನ್ನು ಪರಿಶೀಲಿಸುವ ಸಂಸ್ಥೆ ಮೂವತ್ತಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿ ಹೇಳಿರುವುದರಿಂದ, ಜೀವನಪೂರ್ತಿ ಹಣ ಕೊಡಬೇಕೇ ಎಂಬ ಚಿಂತೆ ಬೇಡ.

ತಿಂಗಳುಗಳು ಕಳೆದ ಮೇಲೆ ಬರುವ ತುಡಿತಗಳು ಅಪರೂಪ, ಆದರೆ ಮುನ್ಸೂಚನೆ ಕೊಡದೆ ಬರುತ್ತವೆ: ಹಳೆಯ ಕಾಲೇಜಿನ ಕೂಟ, ಮದುವೆಯ ಹಿಂದಿನ ರಾತ್ರಿ, ಸಾವಿನ ಮನೆಯ ಹೊರಗೆ ನಿಂತ ಹೊತ್ತು. ಇಂಥ ಕಡೆ ಹೋಗುವ ಮುನ್ನ ಹಣ ಹಿಡಿದಿರುವವರಿಗೆ ಒಂದು ಮೆಸೇಜ್ ಹಾಕಿ, ಸೇದದೆ ಬಂದರೆ ಆ ರಾತ್ರಿಗೆಂದೇ ಒಂದು ವಿಶೇಷ ಬಹುಮಾನ ಗೊತ್ತುಮಾಡಿಕೊಳ್ಳಿ. ವರ್ಷ ತುಂಬುವ ದಿನಾಂಕವನ್ನು ಮೊದಲ ದಿನವೇ ಕ್ಯಾಲೆಂಡರಿನಲ್ಲಿ ಗುರುತಿಸಿ, ಅಂದು ಉಳಿದ ಮೊತ್ತವನ್ನು ಅಂದೇ ಎಣಿಸಿ ಪಡೆಯಿರಿ. ಅದನ್ನು ಮನೆಯ ಬಣ್ಣಕ್ಕೋ ವಿಮೆಯ ಕಂತಿಗೋ ಸೇರಿಸಲು ಸಲಹೆಗಳು ಬಂದೇ ಬರುತ್ತವೆ, ಬಿಟ್ಟವರು ನೀವಾದ್ದರಿಂದ ಅದರಲ್ಲಿ ಏನು ಕೊಳ್ಳಬೇಕೆಂಬುದನ್ನೂ ನೀವೇ ನಿರ್ಧರಿಸಿ.